ಬಾಯಿ ಮುಕ್ಕಳಿಸಾಂವ

ದೀಪಾ ಒಂಚೂರು ಸಣ್ಣ ಮಾಡ್ರಿ... ಹಾಂ. ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ನಮ್ಮ ಚಿಗವ್ವ ಸುಮಿತ್ರವ್ವನ ಮಗ ನಂದೀಶಗ ಆಗಿದ್ದು. ಆಂವ ಇನ್ನೂ ಅದಾನ. ಬೇಕಾದ್ರ ಹೋಗಿ ಕೇಳ್ರಿ.

ಬೆಟಗೇರಿ ಊರಹೊರಗ ಒಂದು ಕಬ್ಬಿಣ ಕೆಲಸದ ಶೆಡ್ಡು. ಅಲ್ಲಿ ನಂದೀಶ ಕ್ರೇನ್ ನಡಸ್ತಿದ್ದ. ಮಾಡಿನ ಬುಡಕ ಹಳಿ ಮ್ಯಾಲ ಓಡಾಡೂ ಕ್ರೇನು ಅದು. ಕೆಳಗ ನಿಂತು, ಜೋತುಬಿದ್ದ ಬಟನ್ ಡಬ್ಬಿ ಹಿಡದು ಒತ್ತಿದ್ರ ಹುಕ್ಕು ಏರತೈತಿ, ಇಳಿತೈತಿ. ಆವತ್ತ ರಾತ್ರಿ ಎರಡನೇ ಪಾಳೀನೂ ಮುಗಿಸಿ ನಡಕೋತ ಮನಿಗೆ ಹೊಂಟಿದ್ದ. ಹಾದ್ಯಾಗ ಒಂದು ಆಲದ ಗಿಡ, ಅದರ ಮಗ್ಗಲಕ ಹಾಳಬಾವಿ. ನೀರಿಲ್ಲ. ಮಂದಿ ಕಸಾ ಸುರದು ಸುರದು ಅರ್ಧ ತುಂಬಿಬಿಟ್ಟಾರ.

ಅಲ್ಲಿಗೆ ಬರೂದ್ರಾಗ ಸಪ್ಪಳ ಕೇಳ್ತು.

ಗುಳುಗುಳುಗುಳು... ಥೂ.

ಸುಮ್ಮ ಆತು. ನಂದೀಶ ನಿಂತ.

ಗುಳುಗುಳುಗುಳು... ಥೂ.

ಯಾರೋ ಬಾಯಿ ಮುಕ್ಕಳಿಸಾಕತ್ತಾರ. ಲಾರಿಯವರು ಯಾರರ ಇರಬೇಕು ಅಂದ್ಕೊಂಡ. ಆದ್ರ ಹಾದಿ ಮ್ಯಾಲ ಲಾರಿ ಇಲ್ಲ. ಬಾವ್ಯಾಗ ನೀರಿಲ್ಲ... ಮುಕ್ಕಳಿಸಾಕ ನೀರ ಎಲ್ಲಿಂದ ಬಂತು?

ಅಷ್ಟರಾಗ ನಾತ ಬಡೀತು. ಹಳಸಿದ ಗ್ರೀಸು, ಅದರಾಗ ಕಲಸಿದಂಗ ಕುಡಕರ ಸೆರೆ ನಾತ. ಮೂಗಿಗೆ ಅಲ್ಲ, ಸೀದಾ ನಾಲಿಗಿಗೇ ಹತ್ತಿದಂಗ ಆತು. ಉಗುಳಿದ. ಹೋಗಲಿಲ್ಲ.

ಬಾವಿಕಟ್ಟಿಗೆ ಬಗ್ಗಿ ಒಬ್ಬಾಂವ ನಿಂತಿದ್ದ.

"ಯಾರ್ರೀ ಅದು?"

ಆಂವ ಹೊಳ್ಳಿದ. ಎಡಗಡೆ ಹೆಗಲು ಹೆಗಲಿನ ಜಾಗಾದಾಗ ಇರಲಿಲ್ಲ. ಕೆಳಗ ಕುಸಿದು, ಪಕ್ಕಡಿ ಎಲುಬಿನ ಒಳಗ ಹೊಕ್ಕಿತ್ತು. ಮಾರಿ ಮಾತ್ರ ಇದ್ದಂಗ ಇತ್ತು. ಹಣಿ ಮ್ಯಾಲ ವಿಭೂತಿ.

ಚನ್ನಬಸವಣ್ಣ.

ಹೋದ ವರ್ಷ ಯುಗಾದಿ ಮುಂದ ಸತ್ತಾಂವ.

ಈಗ ಅದನ್ನ ಹೇಳಬೇಕು. ಹೇಳಾಕ ಹೇಸಿಗಿ ಬರತೈತಿ, ಆದ್ರೂ ಹೇಳಬೇಕು. ಚನ್ನಬಸವಣ್ಣ ಅದ ಶೆಡ್ಡಿನ್ಯಾಗ ಕ್ರೇನಿಗೆ ಕೈಸನ್ನಿ ಮಾಡಾಂವ. ಏರಸು, ಇಳಸು, ನಿಲ್ಲಸು ಅಂತ ಕೈಲೇ ತೋರಸೂದು, ಹುಕ್ಕಿಗೆ ಬೆಲ್ಟ್ ಹಾಕೂದು, ಬಿಚ್ಚೂದು ಅವನ ಕೆಲಸ. ಕೊಳ್ಳಾಗ ಲಿಂಗ. ಸೆರೆ ಹೋಗಲಿ, ಹೊರಗಿನ ಚಾ ಸುದ್ದಾ ಮುಟ್ಟಾಂವಲ್ಲ.

ಕ್ರೇನಿಗೆ ಲಿಮಿಟ್ ಸ್ವಿಚ್ಚು ಅಂತ ಇರತೈತಿ. ಹುಕ್ಕು ಮ್ಯಾಲ ಹೋಗಿ ಬಡಿಯೂಕಿಂತ ಮೊದಲ ಅದು ತಾನ ಕರೆಂಟ್ ಕಡದು ನಿಲ್ಲಸತೈತಿ. ಆ ಸ್ವಿಚ್ಚು ಕೆಟ್ಟು, ಕ್ರೇನು ನಡಬರಕ ನಿಂದ್ರಾಕತ್ತಿತ್ತು. ರಿಪೇರಿ ಮಾಡಸೂದು ಬಿಟ್ಟು ಸುಪರವೈಜರ್ ಪರ್ವತಗೌಡ ಒಂದು ತಂತಿ ತರಸಿ, ಸ್ವಿಚ್ಚು ಕೆಲಸಾನ ಮಾಡದಂಗ ಎಳದು ಕಟ್ಟಿಸಿಬಿಟ್ಟ. ಬಟನ್ ಡಬ್ಬಿನೂ ಹಂಗ. ಏರಸೂ ಬಟನ್ ಜಿಡ್ಡು ಹಿಡದು ಒತ್ತಿದಲ್ಲೇ ಸಿಗಬೀಳ್ತಿತ್ತು. ಎಲ್ಲಾ ನಿಲ್ಲಸೂ ಕೆಂಪು ಬಟನ್ ಎಂದೋ ಮುರದಿತ್ತು.

"ಗೌಡ್ರ, ಇದು ಸರಿ ಆಗೂತನಕ ಕ್ರೇನ್ ಬ್ಯಾಡ್ರಿ" ಅಂದ ಚನ್ನಬಸವಣ್ಣ.

ಗೌಡ ಮಿರ್ಚಿ ಭಜಿ ತಿನ್ನಾಕತ್ತಿದ್ದ. ಎಣ್ಣಿ ಬಟ್ಟು ಅದ ಡಬ್ಬಿಗೆ ಒರಸಿ, "ನಿನಗ ಜೀವದ ಮ್ಯಾಲ ಭಾಳ ಆಸೆ ನೋಡು" ಅಂತ ನಕ್ಕ.

ಅದ ದಿನ ಮಧ್ಯಾಹ್ನ ಮಾಲು ಇಳಿಸಿ ಆತು. ಚನ್ನಬಸವಣ್ಣ ಬೆಲ್ಟ್ ಬಿಚ್ಚಿದ. ಖಾಲಿ ಹುಕ್ಕು ಎತ್ತಾಕ ನಂದೀಶ ಬಟನ್ ಒತ್ತಿದ. ಬೆರಳು ತಗದ... ಹುಕ್ಕು ನಿಲ್ಲಲಿಲ್ಲ. ಚನ್ನಬಸವಣ್ಣ ಎರಡೂ ಕೈ ಅಗಲ ಮಾಡಿ ಬೀಸಿದ, ನಿಲ್ಲಸು, ನಿಲ್ಲಸು. ನಂದೀಶ ಡಬ್ಬಿ ಕುಟ್ಟಿದ. ಹುಕ್ಕು ಮ್ಯಾಲ ಹೋಗಿ ಧಡ್ ಅಂತ ಬಡೀತು. ಹುಕ್ಕು ಜೋತುಬಿದ್ದ ವಾಯರ್ ರೋಪಿನ ಎಳಿ ಹರಿಯಾಕತ್ತಿದ್ವು. ಟಿಕ್... ಟಿಕ್... ಟಿಕ್‌ಟಿಕ್‌ಟಿಕ್. ಆಮ್ಯಾಲ ಹುಕ್ಕು ಅವನ ಹೆಗಲ ಮ್ಯಾಲ ಬಿದ್ದ ಒಂದ ಒಂದು ಸಪ್ಪಳ. ಅದು ಹೆಂಗಿತ್ತು ಅಂತ ನಂದೀಶ ಇವತ್ತಿಗೂ ಹೇಳಂಗಿಲ್ಲ.

ಪೊಲೀಸ್ರು ಬರೂದ್ರೊಳಗ ಪರ್ವತಗೌಡ ತನ್ನ ಗಾಡಿಯಿಂದ ಒಂದು ಬಾಟ್ಲಿ ತಂದ.

"ಗದ್ದ ಹಿಡೀಲೇ" ಅಂದ.

ನಂದೀಶ ಹಿಡದ. ಹೌದ್ರಿ, ಹಿಡದ. ಗದ್ದ ಇನ್ನೂ ಬೆಚ್ಚಗಿತ್ತು. ಗೌಡ ಸತ್ತವನ ಬಾಯಾಗ ಸೆರೆ ಸುರುವಿದ. ನುಂಗಾಕ ಯಾರಿದ್ರು? ತುಟಿ ಅಂಚಿಲೇ ಹೊರಗ ಬಂತು, ಕಿವಿ ಸಂದಿಗೆ ಇಳೀತು, ಲಿಂಗದ ದಾರ ತೋಯಿಸ್ತು. "ಕುಡದು ಕ್ರೇನಿನ ಕೆಳಗ ಹೋಗಿದ್ನೇನು?" ಅಂತ ಪೊಲೀಸ್ರು ಕೇಳಿದ್ರು. ನಂದೀಶ ಹೂಂ ಅಂದ. ಪೈಪ್ ಹಚ್ಚಿ ನೆಲಾ ತೊಳದ್ರು, ಕಟ್ಟಿಗಿ ಪುಡಿ ಚೆಲ್ಲಿದ್ರು, ಎಲ್ಲಿಂದೋ ಒಂದು ಹಳೇ ರೋಪು ತಂದು ಏರಿಸಿದ್ರು. ಪೊಲೀಸ್ರು ಬರೂಕಿಂತ ಮೊದಲ ಬಿಚ್ಚಿದ್ದ ತಂತೀನ ಅವರು ಹ್ವಾದ ಮ್ಯಾಲ ಮತ್ತ ಕಟ್ಟಿದ್ರು. ಅದ ಕ್ರೇನು, ಅದ ಡಬ್ಬಿ, ಅದ ನಂದೀಶ.

ಅಂಥಾ ಚನ್ನಬಸವಣ್ಣ ಬಾವಿಕಟ್ಟಿ ಮುಂದ ನಿಂತಿದ್ದ.

"ನಂದೀಶಾ..." ದನಿ ಒಣಾ ಎಲಿ ಸರದಂಗಿತ್ತು. "ಹೋಗವಲ್ದೋ."

"ಏನು... ಏನು ಹೋಗವಲ್ದು, ಕಾಕಾ?"

"ನಾತ."

ಗುಳುಗುಳುಗುಳು... ಥೂ.

"ತೊಳದು ತೊಳದು ಸಾಕಾತು. ಈ ಬಾಯಿಲೇ ಶಿವನ ಹೆಸರ ಹೆಂಗ ತಗೊಳ್ಳಿ?"

ಚನ್ನಬಸವಣ್ಣ ಸನೇಕ ಬಂದ. ಇನ್ನೂ ಸನೇಕ. ಬಾಯಿ ತಗದ.

"ಮೂಸು."

ಮೂಸಲಾರದ ಇರಾಕ ಆಗಲಿಲ್ಲ. ಆ ನಾತ ತಾನ ಒಳಗ ಬಂತು. ನಂದೀಶ ಅಲ್ಲೇ ಕುಂತು ವಾಂತಿ ಮಾಡಿದ. ವಾಂತಿಯೊಳಗೂ ಅದ ಸೆರೆ ನಾತ... ಆಂವ ಮಧ್ಯಾಹ್ನ ರೊಟ್ಟಿ ತಿಂದಿದ್ದ ಅಷ್ಟ.

"ಹೇಳು... ನಾ ಕುಡದಿದ್ನೇನು?"

"ಇಲ್ಲ ಕಾಕಾ."

"ಮತ್ತ?"

ಅಷ್ಟ ಕೇಳಿದ. ತಲಿ ಎತ್ತಿ ನೋಡಿದ್ರ ಚನ್ನಬಸವಣ್ಣ ಎರಡೂ ಕೈ ಅಗಲ ಮಾಡಿ ಬೀಸಾಕತ್ತಿದ್ದ. ನಿಲ್ಲಸು... ನಿಲ್ಲಸು. ಆಲದ ಬೀಳಲು ಅಲ್ಲಾಡಿದ್ವು. ಆಮ್ಯಾಲ ಅಲ್ಲಿ ಯಾರೂ ಇರಲಿಲ್ಲ.

ಮುಂಜಾನೆ ನಂದೀಶ ಶೆಡ್ಡಿಗೆ ಹ್ವಾದ. ಕ್ರೇನಿಗೆ ದೊಡ್ಡದೊಂದು ಕಬ್ಬಿಣದ ತೊಲಿ ಕಟ್ಟಿ ಇಟ್ಟಿದ್ರು. ಅದು ಹಾಯೂ ಹಾದ್ಯಾಗ ಗೌಸಬಿ ಅನ್ನಾಕಿ ಕುಂತು ಕಬ್ಬಿಣದ ಚೂರು ಆರಸಾಕತ್ತಿದ್ಲು.

"ಜಲ್ದಿ ಎತ್ತಲೇ" ಅಂದ ಪರ್ವತಗೌಡ.

ನಂದೀಶ ತಲಿ ಎತ್ತಿ ನೋಡಿದ. ರೋಪಿನ ಎಳಿ ಮುಳ್ಳಿನಂಗ ಎದ್ದು ನಿಂತಿದ್ವು, ಅವನ್ನ ಮುಚ್ಚಾಕ ಮ್ಯಾಲ ದಪ್ಪಗ ಗ್ರೀಸು ಮೆತ್ತಿದ್ರು. ಮೀನಿನ ಲೋಳಿಯಂಗ ಹೊಳಿತಿತ್ತು. ಇಷ್ಟ ದಿನಾ ಇದರ ಬುಡಕ ನಿಂತು ಉಂಡೆನಲ್ಲ ಅನಿಸಿತು ಅವಂಗ.

"ಗೌಸಬಿ, ಅಲ್ಲಿಂದ ಏಳವಾ. ಹೊರಗ ಹೋಗು."

ಮೇನ್ ಸ್ವಿಚ್ ಆರಿಸಿದ. ಆ ಸ್ವಿಚ್ಚಿನ ಡಬ್ಬಿಗೆ ಕೀಲಿ ಹಾಕಿ, ಕೀಲಿಕೈ ಕಿಸೇದಾಗ ಇಟ್ಟ.

"ರಾತ್ರಿ ಕುಡದು ಬಂದಿಯೇನಲೇ?" ಅಂತ ಗೌಡ ಒದರಿದ.

ನಂದೀಶ ಅವನ ಎದುರಿಗೇ ಹೋಗಿ ನಿಂತ. ಮಾರಿಗೆ ಮಾರಿ ಹತ್ತೂವಂಗ. ಬಾಯಿ ತಗದ.

"ಮೂಸ್ರಿ ಗೌಡ್ರ."

ಗೌಡ ಹಿಂದ ಸರದ. ನಂದೀಶ ಮುಂದ ಹ್ವಾದ. "ಮೂಸ್ರಿ! ಚನ್ನಬಸವಣ್ಣನ ಬಾಯಾಗ ಸುರುವಿದ್ರಿಲ್ಲ, ಈಗ ನಂದು ಮೂಸ್ರಿ!" ಸುತ್ತ ಮಂದಿ ನಿಂತಿತ್ತು.

ಅಲ್ಲಿಂದ ಸೀದಾ ಚನ್ನಬಸವಣ್ಣನ ಹೇಣ್ತಿ ರೇಣುಕವ್ವನ ಮನಿಗೆ ಹ್ವಾದ. ಆಕಿ ರೊಟ್ಟಿ ಬಡ್ಯಾಕತ್ತಿದ್ಲು. ಹೊಚ್ಚಲದಾಗ ಕುಂತು ಎಲ್ಲಾ ಹೇಳಿದ, ಬಾಟ್ಲಿ, ಗದ್ದ, ಹೂಂ ಅಂದದ್ದು. ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರ್ರಗಾತು.

"ಯಾವ ಕೈಲೇ ಹಿಡದಿದ್ದಿ?"

ನಂದೀಶ ಬಲಗೈ ತೋರಿಸಿದ. ಆಕಿ ಅದನ್ನ ಸತ್ತ ಹೆಗ್ಗಣ ನೋಡಿದಂಗ ನೋಡಿದ್ಲು.

"ಊರಾಗ ನನ್ನ ಮಕ್ಕಳನ್ನ ಕುಡಕನ ಮಕ್ಕಳು ಅಂತಾರ" ಅಂದ್ಲು. "ಏಳು. ನನಗ ಹೇಳಿದ್ದು ಪೊಲೀಸ್ ಠಾಣೇದಾಗ ಹೇಳು. ನಾನೂ ಬರ್ತೀನಿ."

ನೀರು ಕುಡಿ ಅನ್ನಲಿಲ್ಲ. ಗದಗಿಗೆ ಹೋಗೂ ಆಟೋದಾಗ ಅವನ ಮಗ್ಗಲಕ ಕುಂಡ್ರಲಿಲ್ಲ, ಮುಂದ ಡ್ರೈವರನ ಕಡೆ ಕುಂತ್ಲು.

ನಂದೀಶ ಬರದು ಕೊಟ್ಟ. ಪರ್ವತಗೌಡನ ಮ್ಯಾಲ ಕೇಸ್ ಆತು, ಮಾಲಕನ ಮ್ಯಾಲೂ ಆತು. ಸುಳ್ಳು ಹೇಳಿದ್ದಕ್ಕ ನಂದೀಶನ ಮ್ಯಾಲೂ ಆತು. ಈಗ ಅವಂಗ ಯಾರೂ ಕ್ರೇನ್ ಕೆಲಸಾ ಕೊಡಂಗಿಲ್ಲ, ಶಿಗ್ಲಿಯೊಳಗ ಟ್ರ್ಯಾಕ್ಟರ್ ಹೊಡೀತಾನ. ರೇಣುಕವ್ವ ಎದುರಿಗೆ ಸಿಕ್ಕ್ರ ಸೆರಗು ಮೂಗಿಗೆ ಹಿಡಕೊಂಡು ದಾಟ್ತಾಳ. ಆದ್ರ ಆಕಿ ಮಕ್ಕಳಿಗೆ ಈಗ ಯಾರೂ ಹಂಗ ಅನ್ನಂಗಿಲ್ಲ.

ಶೆಡ್ಡಿಗೆ ಬೀಗ ಹಾಕೂ ದಿನ ತಪಾಸಣಿ ಸಾಹೇಬ್ರು ಹುಕ್ಕು ಪೂರಾ ನೆಲಕ್ಕ ಇಳಿಸಿ, ಫೋಟೋ ತಗಸಿದ್ರು. ಕರೆಂಟಿನವರು ಮೀಟರ್ ಬಿಚ್ಚಿಕೊಂಡು ಹ್ವಾದ್ರು. ಬಾಗಲಿಗೆ ಅರಗಿನ ಮುದ್ರಿ ಬಿತ್ತು. ಮಳಿಗಾಲ ಮುಗದ ಮ್ಯಾಲ ಕೇಸಿನ ಸಲುವಾಗಿ ಮತ್ತ ತಗದ್ರು. ನಂದೀಶನ್ನೂ ಕರಸಿದ್ರು. ಮುದ್ರಿ ಹಂಗ ಇತ್ತು, ಬೀಗ ಹಂಗ ಇತ್ತು.

ಹುಕ್ಕು ನೆಲದ ಮ್ಯಾಲ ಇರಲಿಲ್ಲ. ಮ್ಯಾಲ ಏರಿತ್ತು. ಯಾರ ತಲಿಗೂ ತಾಕದಂಗ, ಪಾಳಿ ಮುಗದ ಮ್ಯಾಲ ಹೆಂಗ ಇಟ್ಟು ಹೋಗಬೇಕೋ ಹಂಗ.

"ಯಾರು ಏರಿಸಿದ್ರು ಇದನ್ನ?" ಅಂದ್ರು ಸಾಹೇಬ್ರು.

ಖರೇ ಹೇಳ್ತೀನ್ರಿ... ಮೀಟರ್ ಇದ್ದ ಜಾಗಾದಾಗ ಬರೀ ಮೊಳಿ ಇದ್ವು.