ಬೋಳು ಬಯಲು, ಬೆದರಿದ ಕೋಳಿ

ಹೂಂ ಅನ್ನುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿ. ಯಾವುದೋ ಸೀಮೆ, ಯಾವುದೋ ಹಳ್ಳ. ಗಂಡ ಸತ್ತು ತವರಿಗೆ ಬಂದ ಯಂಕವ್ವ, ಕೋಳಿ ಸಾಕಿ ಬದುಕುತ್ತೇನೆ ಅಂದಳು. ನಿನ್ನ ಕೈಲಿ ಆಗದು ಅಂದವರು ಯಾರು? ಒಡಹುಟ್ಟಿದ ಅಣ್ಣ ಮಲ್ಲಪ್ಪ.

"ನೀನಾಗಿ ಕರೆಯೋ ತನಕ ಈ ಹೊಸ್ತಿಲು ತುಳಿಯೋಳಲ್ಲ" ಅಂದು ಅವಳು ಹೊರಟಳು. ಅವ್ವ ಒಲೆ ಊದುತ್ತ ಕೂತಿದ್ದಳು. ಹೊಗೆಗೋ ಯಾತಕ್ಕೋ, ಕಣ್ಣು ಒರೆಸಿಕೊಂಡಳು.

ಹಳ್ಳದ ಈಚೆ ದಂಡೆಯ ಇಳಿಜಾರನ್ನು ಯಂಕವ್ವ ದುಡಿದು ದುಡಿದು ಕೊಂಡಳು. ಪೊದೆ ಕಡಿದಳು, ಮುಳ್ಳು ಕಿತ್ತಳು, ಅಂಗೈಯಂತೆ ಬೋಳು ಮಾಡಿದಳು. ಹಾವು ಬರಬಾರದು ಅಂತ ಊರಿಗೆ ಹೇಳಿದಳು. ನಿಜ ಕೇಳಿ. ಸಂಜೆ ಆಚೆ ದಂಡೆಯಲ್ಲಿ ಅವ್ವ ಬಾಗಿಲಿಗೆ ದೀಪ ಇಡುತ್ತಿದ್ದಳು. ಅದು ಕಾಣಬೇಕಿತ್ತು.

ಅಷ್ಟು ಬಯಲಿದ್ದರೂ ಕೋಳಿಗಳು ಗೂಡಿನ ಬಾಯಲ್ಲೇ ಮುತ್ತಿಕೊಂಡವು. ಕೋಲು ಹಿಡಿದು ಅಟ್ಟಿದಳು, ಓಡಿ ಬಂದವು. ದೂರ ಜೋಳ ಚೆಲ್ಲಿದಳು, ಓಡಿ ಬಂದವು. ಗೂಡಿನ ಬಾಗಿಲನ್ನೇ ಮುಚ್ಚಿದಳು, ಬಾಗಿಲಿಗೆ ಆತು ನಿಂತವು. ಒಂದರ ಪುಕ್ಕ ಒಂದು ಕಿತ್ತವು. ಮೊಟ್ಟೆ ಕಮ್ಮಿಯಾಯಿತು.

ಒಂದು ಮಧ್ಯಾಹ್ನ ಅವಳು ಬಯಲಿಗೆ ಇಳಿದಳು. ಹಿಂದಿನಿಂದ ಒಂದು ಕೋಳಿ ಬಂದು ಅವಳ ನೆರಳಲ್ಲಿ ನಿಂತಿತು. ಇನ್ನೊಂದು ಬಂತು, ಮತ್ತೊಂದು ಬಂತು. ಅವಳು ನಡೆದರೆ ನಡೆದವು, ನಿಂತರೆ ಕೆದಕಿದವು. ತಲೆ ಎತ್ತಿ ನೋಡಿದಳು. ಮೇಲೆ ಹದ್ದು ಸುತ್ತುತ್ತಿತ್ತು.

ಎರಡೂ ದಂಡೆ ತಿರುಗುವ ಬಳೆಗಾರ್ತಿ ಸಾಬವ್ವ ಅಂದಳು, "ಮರೆ ಇಲ್ಲದ ಕಡೆ ಕೋಳಿ ಹೆಂಗೆ ಮೇಯುತ್ತೆ? ಗಿಡ ನೆಡೇ."

"ನೆಟ್ಟರೆ ಎದುರಿಗೆ ಏನು ಕಾಣುತ್ತೆ?"

"ಗಿಡ ಕಾಣುತ್ತೆ."

ಯಂಕವ್ವ ಆಚೆ ದಂಡೆಯ ಕಡೆ ನೋಡಿದಳು.

"ಅವ್ವನ್ನ ಹೋಗಿ ನೋಡ್ಕೊಂಡು ಬಾರೇ. ಹಳ್ಳದಲ್ಲಿ ಮೊಣಕಾಲುದ್ದ ನೀರಿಲ್ಲ."

"ಕರೆದಿಲ್ಲ."

"ಅಣ್ಣ ತಂಗಿ ಇಬ್ಬರಿಗೂ ಒಂದೇ ಮೂಗು. ನೆಗಡಿ ಬಂದರೂ ಬಾಗೋದಿಲ್ಲ" ಅಂದು ಸಾಬವ್ವ ಬಳೆಯ ಮಲಾರ ಹೊತ್ತು ನಡೆದಳು.

ಯಂಕವ್ವ ನುಗ್ಗೆ ನೆಟ್ಟಳು, ಔಡಲ ಬಿತ್ತಿದಳು. ಆದರೆ ಅವ್ವನ ಬಾಗಿಲಿಗೆ ನೇರವಾಗಿ ಒಂದು ಓಣಿಯಗಲ ಬಿಟ್ಟಳು. ಗಿಡ ಎದ್ದವು, ಕೋಳಿ ಹೊರಬಿದ್ದವು, ಓಣಿಯ ತನಕ ಬಂದು ನಿಂತವು. ಓಣಿಯಾಚೆಯ ಅರ್ಧ ಬಯಲಿಗೆ ಒಂದೂ ದಾಟಲಿಲ್ಲ. ಧೈರ್ಯ ಮಾಡಿ ದಾಟಿದ ಕೆಂದು ಹೇಂಟೆಯನ್ನು ಹದ್ದು ಅವಳ ಕಣ್ಣೆದುರೇ ಎತ್ತಿಕೊಂಡು ಹೋಯಿತು.

ಏನು ಮಾಡಿಯಾಳು, ಹೇಳಿ? ಕರುಳು ಆಚೆ, ಕೂಳು ಈಚೆ. ಅಂದು ಸಂಜೆ ದೀಪ ಹತ್ತುವುದನ್ನು ನೋಡಿದಳು, ಆರುವ ತನಕ ನೋಡಿದಳು. ಬೆಳಗ್ಗೆ ಗುದ್ದಲಿ ಹಿಡಿದು ಓಣಿಗೂ ನುಗ್ಗೆ ನೆಟ್ಟಳು.

ಕಥೆ ದಡ ಸೇರಿತು, ಕೇಳಿದವರ ಕಿವಿ ತಂಪಾಗಲಿ. ಈಗ ಯಂಕವ್ವನಿಗೆ ಇಳಿಜಾರು ತುಂಬ ಹಸಿರಿದೆ, ಹಸಿರಿನ ತುಂಬ ಕೋಳಿಯಿವೆ, ಸಂತೆಗೆ ಬುಟ್ಟಿಗಟ್ಟಲೆ ಮೊಟ್ಟೆ ಹೋಗುತ್ತವೆ. ಎಲ್ಲ ಅವಳದೇ, ಯಾರ ಹಂಗೂ ಇಲ್ಲ. ಆಚೆ ದಂಡೆಯಲ್ಲಿ ಅವ್ವ ಇಂದು ದೀಪ ಇಟ್ಟಳೋ ಇಲ್ಲವೋ, ಅದನ್ನು ಸಾಬವ್ವ ಬಂದಾಗ ಕೇಳಬೇಕು.