ಹೊಳೆದಂಡೆಯ ತಲೆಯಿಲ್ಲದ ಭೂತ

ಹತ್ತಿರ ಬನ್ನಿ. ಇನ್ನೂ ಹತ್ತಿರ. ಬಾಗಿಲು ಮುಂದಕ್ಕೆ ಮಾಡಿ ಬಾರವ್ವ ಒಬ್ಬಾಕಿ. ಈಗ ಹೇಳೋದು ಈ ಪಡಸಾಲೆ ದಾಟಬಾರದು. ಗಂಡನ ಮುಂದೆ ಅಂತೂ ಬಾಯಿ ಬಿಡಲೇಬಾರದು. ಒಬ್ಬಳ ಕೈಬಳೆ ಇನ್ನೂ ಈ ಗುಟ್ಟಿನ ಮೇಲೇ ನಿಂತಿವೆ. ಆಣೆ ಮಾಡಿದಿರಾ? ಹಾಗಾದರೆ ಕೇಳಿ.

ಹೆಸರು ಹೇಳಬಾರದ ಒಂದು ನಾಡು. ಆ ನಾಡಿಗೊಂದು ಹೊಳೆ, ಹೊಳೆಗೊಂದು ಊರು, ಊರ ತುದಿಗೆ ಹರಗೋಲು ನಡೆಸುವವರ ಓಣಿ. ಬಿದಿರು ಹೆಣೆದು ಮೇಲೆ ತೊಗಲು ಹೊದಿಸಿದ ದುಂಡನೆ ದೋಣಿ ಅದು, ದೊಡ್ಡ ಬುಟ್ಟಿಯ ಹಾಗೆ. ಆ ಓಣಿಯಲ್ಲಿ ನನ್ನ ಗೋಡೆಗೆ ಗೋಡೆ ಹತ್ತಿಸಿಕೊಂಡು ಇದ್ದವಳು ಹುಲಿಗೆವ್ವ. ಆಕೆಯ ಗಂಡ ಯಂಕೋಬ.

ಯಂಕೋಬ ಎಂಥವನು? ಅವನು ಹಾಡುತ್ತ ಹುಟ್ಟು ಹಾಕಿದರೆ ಆಚೆ ದಂಡೆಯ ಹೆಂಗಸರು ತುಂಬಿದ ಕೊಡ ಚೆಲ್ಲಿ ಮತ್ತೆ ನೀರಿಗೆ ಬರುತ್ತಿದ್ದರು. ಯಾರು ಯಾರು ಅಂತ ನನಗೆ ಗೊತ್ತು, ಇವತ್ತು ಬೇಡ. ಆದರೆ ಅವನ ಕಣ್ಣು ಹುಡುಕುತ್ತಿದ್ದದ್ದು ಹುಲಿಗೆವ್ವನನ್ನೇ.

ಒಂದು ಮಳೆಗಾಲ ಹೊಳೆ ಏರಿತು. ಯಂಕೋಬ ಹೋದವನು ಬರಲಿಲ್ಲ. ಹರಗೋಲು ಕೆಳಗಿನ ಮಡುವಿನಲ್ಲಿ ಸಿಕ್ಕಿತು, ಎಳೆದು ದಂಡೆಗೆ ಹಾಕಿದರು; ಅವನು ಸಿಗಲಿಲ್ಲ. ಆ ಓಣಿಯ ಕಟ್ಟಳೆ ಕೇಳಿ: ಹೊಳೆಗೆ ಹೋದವನು ಬರದಿದ್ದರೆ, ನೀರು ಇಳಿದ ಮೇಲೆ ಅವನ ಹರಗೋಲು ಸುಡುತ್ತಾರೆ. ಅದನ್ನು ಸುಡುವ ತನಕ ಅವನು ಸತ್ತಂತಲ್ಲ. ಸುಟ್ಟ ದಿನ ಹೆಂಡತಿಯ ಬಳೆ ಒಡೆಯುತ್ತಾರೆ. ಹಿರಿಯರು ಕಟ್ಟಿಗೆ ತಂದರು, ಎಣ್ಣೆ ತಂದರು. ಬಂದು ನೋಡಿದರೆ ದಂಡೆಯ ಮೇಲೆ ಹರಗೋಲೇ ಇಲ್ಲ. ಕೊಟ್ಟದ್ದನ್ನು ಹೊಳೆ ತಿರುಗಿ ತಗೊಂಡಿತು ಅಂದರು. ಹುಲಿಗೆವ್ವನ ಕಡೆ ಯಾರೂ ನೋಡಲಿಲ್ಲ. ಯಾಕೆ ನೋಡುತ್ತಾರೆ? ಆ ಓಣಿಯಲ್ಲಿ ಹೆಣ್ಣು ಹರಗೋಲು ಮುಟ್ಟುವ ಹಾಗಿಲ್ಲ.

ಆಮೇಲೆ ಬಂತು ನೋಡಿ ಭೂತ.

ಮೊದಲು ಕಂಡವನು ಎಮ್ಮೆ ಕಾಯುವವನು. "ಕರ್ರಗೆ ಗುಡ್ಡದಂಥ ಬೆನ್ನು. ತಲೀನ ಇಲ್ಲ. ಎರಡ ಕಾಲು." ಕುಡಿದಿದ್ದಾನೆ ಅಂದೆವು. ಎರಡನೆಯವನು ಪೂಜಾರಿ. "ಬಾಲ ಐತಿ, ಹಲಗಿಯಂಥ ಬಾಲ." ಅವನು ಕುಡಿಯುವುದಿಲ್ಲ, ಕುಡಿದರೂ ಒಪ್ಪುವುದಿಲ್ಲ. ಮೂರನೆಯವನು ಗೌಡನ ತಮ್ಮ. ಹೊತ್ತು ಹುಟ್ಟುವಾಗ ಜೊಂಡುಹುಲ್ಲಿನ ಮರೆಯಲ್ಲಿ ಅವನಿಗೇನು ಕೆಲಸ, ಜೊತೆಗೆ ಯಾರಿದ್ದಳು? ಅವನ ಹೆಂಡತಿ ಕೇಳಿದ್ದೂ ಅದನ್ನೇ. ಅವತ್ತು ಅವನು ಭೂತಕ್ಕೆ ಹೆದರಿದ್ದಕ್ಕಿಂತ ಮನೆಗೆ ಹೋಗಲು ಹೆದರಿದ್ದೇ ಹೆಚ್ಚು.

ಮೊಸಳೆ ಅಂದರು ಕೆಲವರು. ಮುದಿ ಆಮೆ ಅಂದರು ಕೆಲವರು. ಯಂಕೋಬನೇ ತಿರುಗುತ್ತಿದ್ದಾನೆ ಅಂದರು ಉಳಿದವರು. ಆ ಮಾತು ಕಿವಿಗೆ ಬಿದ್ದಾಗ ಹುಲಿಗೆವ್ವ ಒಲೆ ಊದುವುದು ಬಿಟ್ಟು ಕೇಳಿದಳು, "ಹಾಡತಿತ್ತೇನು ಅದು?"

ಕಡೆಗೆ ಗೌಡ ಹೇಳಿದ: "ನಾಳಿ ಜೊಂಡಿಗೆ ಬೆಂಕಿ ಹಚ್ಚೂಣು. ಏನಿದ್ರೂ ಹೊರಗ ಬೀಳತೈತಿ."

ಸುಟ್ಟ ಮೇಲೆ ನೋಡಲು ಏನುಳಿಯುತ್ತದೆ? ನನಗೆ ತಡೆಯಲಾಗಲಿಲ್ಲ. ಅವತ್ತೇ ಸಂಜೆ, ಬಿಸಿಲು ಇರುವಾಗಲೇ, ಹೊಳೆಗೆ ಹೋದೆ.

ಮರಳಿನ ಮೇಲೆ ಭೂತ ನಡೆದು ಬರುತ್ತಿತ್ತು. ಕರಿ ಬೆನ್ನು, ಎರಡು ಕಾಲು, ಹಿಂದೆ ಬಾಲ. ತಿರುಗಿ ಓಡಬೇಕಿತ್ತು. ಆದರೆ ಕಣ್ಣು ಸುಮ್ಮನಿರುತ್ತದೆಯೇ? ಭೂತದ ಕಾಲಲ್ಲಿ ಕಾಲುಂಗುರ. ಭೂತಕ್ಕೆ ಕಾಲುಂಗುರ ತೊಡಿಸಿದವರು ಯಾರು?

"ಹುಲಿಗೀ," ಅಂದೆ.

ಬೋರಲು ಹೊತ್ತ ಹರಗೋಲು ಮೇಲೆದ್ದಿತು. ಕೆಳಗೆ ಅವಳ ಮುಖ. ಬಾಲ ಅಂದದ್ದು ಹಿಂದಕ್ಕೆ ಚಾಚಿದ್ದ ಯಂಕೋಬನ ಹುಟ್ಟು.

"ಎಲೆ ಹುಚ್ಚಿ, ಮುಟ್ಟಬಾರದ್ದು ಮುಟ್ಟೀದಿ. ಕದ್ದದ್ದನ್ನ ಜೊಂಡಿನ್ಯಾಗ ಮುಚ್ಚಿಟ್ಟು ಸುಮ್ನ ಇರಬಾರದ? ಹೊತ್ಕೊಂಡು ಯಾಕ ತಿರಗತಿ?"

"ಜೊಂಡಿನ್ಯಾಗ ತೇವ ದೊಡ್ಡವ್ವ. ದಿನಾ ಬಿಸಿಲು ಕಾಣಸಲಿಲ್ಲಂದ್ರ ತೊಗಲು ಕೊಳೀತೈತಿ. ಆತ ಬಂದು, ಎಲ್ಲೈತಿ ನನ್ನ ಹರಗೋಲು ಅಂದ್ರ ಕೊಳತದ್ದು ಕೊಡ್ಲೇನು?"

ನಾಳೆಯ ಬೆಂಕಿಯ ಸುದ್ದಿ ಹೇಳಿದೆ.

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹರಗೋಲು ಇಳಿಸಿ, ಒಳಗಿನ ಮರಳನ್ನು ಸೆರಗಿನಿಂದ ಒರೆಸಿದಳು. ಯಂಕೋಬ ಕೂರುತ್ತಿದ್ದ ಜಾಗ ಮಾತ್ರ ಮುಟ್ಟಲಿಲ್ಲ. ಆಮೇಲೆ ನನ್ನ ಮುಖಕ್ಕೆ ನೇರವಾಗಿ ನೋಡಿ ಅಂದಳು:

"ದೊಡ್ಡವ್ವ, ನೋಡಿದ್ದನ್ನ ಹೊಟ್ಟ್ಯಾಗ ಇಟ್ಕೊಳ್ಳಾಕಿ ನೀ ಅಲ್ಲ, ನನಗೂ ಗೊತ್ತೈತಿ. ಹೇಳು, ಬ್ಯಾಡ ಅನ್ನಂಗಿಲ್ಲ. ಆದ್ರ ಭೂತ ಜೊಂಡು ಬಿಟ್ಟು ಆಚೆ ದಂಡೀಗೆ ಈಸಿ ಹೋತು ಅಂತ ಹೇಳು, ಜೊಂಡಿಗೆ ಬೆಂಕಿ ಬೀಳಂಗಿಲ್ಲ. ಹಲ್ಲು ಎಷ್ಟು ಬೇಕೋ ಅಷ್ಟು ನೀನ ಹಚ್ಚು."