ಬಳೆಗಾರ್ತಿಯ ಬೆರಳಿನ ಬಿಳಿ ಮಚ್ಚೆ

ಒಂದು ಪೇಟೆಯಲ್ಲಿ ಅರಳೆ ವ್ಯಾಪಾರದ ಸಾಹುಕಾರನೊಬ್ಬನಿದ್ದ. ಕೆಟ್ಟವನಲ್ಲ, ನೋಡಿ. ಯಾರಿಗೂ ಮೋಸ ಮಾಡಿದವನಲ್ಲ. ಅದಕ್ಕೇ ಅವನ ಕಥೆ ನಮಗೆ ಬೇಕು.

ಅವನ ಚೊಚ್ಚಲ ಬಸುರಿ ಮಗಳ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಬಳೆಗಾರ್ತಿ ಫಕೀರವ್ವ ಬಂದಳು. "ಕೈ ಹಗೂರ ಬಿಡವ್ವಾ, ಗಂಡನ ಜೋಡಿ ಜಗಳಕ್ಕ ನಿಂತಂಗ ಬಿಗೀಬ್ಯಾಡ," ಎಂದು ನಗಿಸುತ್ತ ಹಸಿರು ಬಳೆ ಏರಿಸಿದಳು. ಏರಿಸಿದ ಮೇಲೆ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಅದು ಅವಳ ಪದ್ಧತಿ.

ಆಗ ಅವಳ ಬೆರಳ ತುದಿಯ ಬಿಳಿ ಮಚ್ಚೆ ಸಾಹುಕಾರನ ಕಣ್ಣಿಗೆ ಬಿತ್ತು. ಪಕ್ಕದಲ್ಲಿದ್ದ ಅಕ್ಕನನ್ನು ಮೆಲ್ಲಗೆ ಕೇಳಿದ: "ಅಕ್ಕಾ, ಅದು ಅಂಟುಜಡ್ಡೇನ?"

ಕೇಳಿದ್ದು ಅಷ್ಟೇ.

ಜ್ವರ ಹಬ್ಬಿತು ಎನ್ನುತ್ತೇವೆ, ಸುದ್ದಿ ಹಬ್ಬಿತು ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ಮಾತು ಯಾಕೆ? ಮಲೇರಿಯಾ ಹಬ್ಬಲು ಸೊಳ್ಳೆ ಬೇಕು, ಕಾಲರಾಕ್ಕೆ ಕೆಟ್ಟ ನೀರು ಬೇಕು. ಸುದ್ದಿಗೆ ಒಂದು ಬಾಯಿ, ಒಂದು ಕಿವಿ ಸಾಕು. ಅವನ ಪ್ರಶ್ನೆ ಅಕ್ಕನ ಬಾಯಲ್ಲಿ ಸಂಶಯವಾಯಿತು, ಬಾವಿಕಟ್ಟೆಗೆ ಹೋಗುವಷ್ಟರಲ್ಲಿ ನಿಜವೇ ಆಯಿತು. ಸಂತೆಯಲ್ಲಿ ಅದನ್ನು ಕುಷ್ಠ ಎಂದರು. ಫಕೀರವ್ವ ಹೋದಲ್ಲೆಲ್ಲ ಬಾಗಿಲು ಮುಚ್ಚಿತು. "ಬಳಿ ಅದಾವ, ಮುಂದಕ್ಕ ಹೋಗವ್ವಾ," ಎಂದು ಒಳಗಿನಿಂದಲೇ ಕೂಗಿದರು.

ಸಾಹುಕಾರ ಮಗಳಿಗಾಗಿ ಹೆದರಿ ಡಾಕ್ಟರರ ಬಳಿ ಹೋದ. ಅವರ ಮನೆಗೂ ಬಳೆ ಇಡಲು ಬರುತ್ತಿದ್ದ ಫಕೀರವ್ವನ ಕೈಯನ್ನು ಅವರು ನೋಡಿದ್ದರು.

"ಅದು ತೊನ್ನು ರೀ. ಚರ್ಮ ಬಣ್ಣ ಕಳಕೊಂಡದ, ಅಷ್ಟ. ಮುಟ್ಟಿದ್ರ ಬರಂಗಿಲ್ಲ, ಕೂಡಿ ಉಂಡ್ರೂ ಬರಂಗಿಲ್ಲ. ಕುಷ್ಠ ಇದ್ದಿದ್ರೂ ಅದಕ್ಕ ಔಷಧ ಐತಿ."

ಅವನಿಗೆ ಜೀವ ಬಂದಂತಾಯಿತು. ಆದರೆ ಈ ಮಾತನ್ನು ಅವನು ಯಾರಿಗೆ ಹೇಳಿದ? ಯಾರಿಗೂ ಹೇಳಲಿಲ್ಲ. 'ನಾನು ಬರೀ ಕೇಳಿದೆ, ಹಬ್ಬಿಸಿದವರು ಬೇರೆ' ಎಂದುಕೊಂಡ. ನಾವೂ ಹೀಗೇ ಅಂದುಕೊಳ್ಳುವುದಿಲ್ಲವೇ?

ಮಗಳು ಹೆಣ್ಣುಕೂಸು ಹೆತ್ತಳು. ಕೂಸಿಗೆ ಫಕೀರವ್ವನೇ ಬಳೆ ಇಡಬೇಕೆಂದು ಹಟ ಹಿಡಿದಳು. ಆಗ ಸಾಹುಕಾರ ಅವಳ ಮನೆ ಹುಡುಕಿಕೊಂಡು ಹೋದ. ಫಕೀರವ್ವ ಅಂಗಳದಲ್ಲಿ ಕೂತಿದ್ದಳು. ಅವಳ ಪುಟ್ಟ ಮೊಮ್ಮಗಳು ಅಳುತ್ತ ಅಂಬೆಗಾಲಿಟ್ಟು ಬಳಿಗೆ ಬಂದಷ್ಟೂ, ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದಳು.

"ಯವ್ವಾ, ತಪ್ಪು ನಂದು. ಅದು ಅಂಟೂದಲ್ಲಂತ ಡಾಕ್ಟರು ಹೇಳ್ಯಾರ. ಬಾ, ನಮ್ಮ ಕೂಸಿಗೆ ಬಳಿ ಇಡು."

"ನೀವು ದೊಡ್ಡೋರು, ನನ್ನ ಸಮಾಧಾನಕ್ಕ ಹೇಳ್ತೀರಿ. ಇಡೀ ಊರು ಸುಳ್ಳು ಹೇಳ್ತದೇನ್ರೀ ಸಾವ್ಕಾರ್ರ? ನಮ್ಮ ಕೂಸನ್ನ ನಾ ಎತ್ತಂಗಿಲ್ಲ, ನಿಮ್ಮ ಕೂಸನ್ನ ಹೆಂಗ ಮುಟ್ಲಿ?"

ಅವನು ಅವಳ ಕೈ ಹಿಡಿಯಲು ಹೋದ. "ಬ್ಯಾಡ್ರೀ! ನಿಮ್ಮ ಮನ್ಯಾಗ ಬಾಣಂತಿ ಅದಾಳ!" ಎಂದು ಚೀರಿ ಒಳಗೋಡಿದಳು.

ನೋಡಿ, ತೊನ್ನು ಯಾರಿಗೂ ಅಂಟಲಿಲ್ಲ. ಮಾತು ಊರಿಗೆಲ್ಲ ಅಂಟಿತು, ಕಡೆಗೆ ಅವಳಿಗೇ ಅಂಟಿತು. ಅದಕ್ಕೆ ಯಾವ ಡಾಕ್ಟರರ ಬಳಿ ಮದ್ದಿದೆ?

ತಾಯಂದಿರೇ, ಅಣ್ಣಂದಿರೇ, ಗೊತ್ತಿಲ್ಲದ್ದನ್ನು ಗೊತ್ತಿರುವವರನ್ನೇ ಕೇಳಿ. ನೀವು ಆಡಿದ್ದು ಸುಳ್ಳೆಂದು ತಿಳಿದ ದಿನವೇ, ಯಾರ ಕಿವಿಗೆ ಹಾಕಿದ್ದಿರೋ ಅವರ ಮನೆಗೆ ಹೋಗಿ, ಹಾಗಲ್ಲ ಎಂದು ಹೇಳಿ ಬನ್ನಿ. ನಾಚಿಕೆಯಾಗುತ್ತದೆ. ಆಗಲಿ. ಅದಕ್ಕೂ ಮೊದಲು, ಯಾರ ಬಗ್ಗೆ ಆಡಿದಿರೋ ಅವರ ಮನೆಗೆ ಹೋಗಿ, ಅವರ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡು ಕುಡಿಯಿರಿ. ನಾಳೆ ಎನ್ನಬೇಡಿ. ಅವರು ಕೈ ನೀಡುವುದನ್ನೇ ಬಿಡುವ ಮೊದಲು ಹೋಗಿ.